ಹಡಗಿನ ವಿದ್ಯುತ್ ಕೆಲಸ ಮತ್ತು ಕಲ್ನಾರಿನ ಧೂಳು: ಪಾಲಕರು ತಿಳಿದಿರಬೇಕಾದ ಸಂಗತಿಗಳು

ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಕನ್ನಡ ಶಾಲೆಗಳಿಂದ ಸಮುದ್ರ ಬಹು ದೂರ. ಆದರೂ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿದ ಹುಡುಗರಿಗೆ ಮುಂಬಯಿ ಮತ್ತು ವಿಶಾಖಪಟ್ಟಣದ ನೌಕಾ ಹಡಗುಕಟ್ಟೆಗಳ ಅಪ್ರೆಂಟಿಸ್ ಶಾಲೆಗಳು, ಕಾರವಾರದ ನೌಕಾ ಹಡಗು ದುರಸ್ತಿ ಕೇಂದ್ರ ಇವು ಉದ್ಯೋಗದ ದಾರಿಗಳಾಗಿವೆ. ಆದುದರಿಂದ ಹಡಗಿನ ಕೆಲಸದ ಹಳೆಯ ಅಪಾಯವೊಂದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಕಲ್ನಾರು ಎಂದರೇನು?

ಆಸ್ಬೆಸ್ಟಾಸ್ ಎಂಬ ಖನಿಜವೇ ಕಲ್ನಾರು. ಅದು ಸುಡುವುದಿಲ್ಲ, ಶಾಖವನ್ನು ತಡೆಯುತ್ತದೆ, ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ನಮ್ಮ ಮನೆ, ಗೋದಾಮುಗಳ ಮೇಲೆ ಹೊದಿಸಿದ ಸಿಮೆಂಟ್ ಪತ್ರಾಗಳಲ್ಲಿಯೂ ಸಾಮಾನ್ಯವಾಗಿ ಇದೇ ನಾರು ಸೇರಿರುತ್ತದೆ. ಕತ್ತರಿಸಿದಾಗ, ಕೊರೆದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಯಲ್ಲಿ ಬೆರೆತು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ಉಳಿಯುತ್ತವೆ.

ಎಲೆಕ್ಟ್ರಿಷಿಯನ್‌ಗೆ ಅಪಾಯ ಹೇಗೆ?

20ನೆಯ ಶತಮಾನದ ಬಹುಕಾಲ ಯುದ್ಧನೌಕೆಗಳ ಬಾಯ್ಲರ್ ಮತ್ತು ಹಬೆಯ ಕೊಳವೆಗಳಿಗೆ ಕಲ್ನಾರಿನ ಹೊದಿಕೆ ಹಾಕಲಾಗುತ್ತಿತ್ತು. ಬಿಸಿ ಕೋಣೆಗಳ ಕೆಲವು ಕೇಬಲ್‌ಗಳ ಪದರ, ಸ್ವಿಚ್ ಬೋರ್ಡಿನ ಹಲಗೆ, ಕೇಬಲ್ ಉಕ್ಕಿನ ಗೋಡೆಯನ್ನು ದಾಟುವ ರಂಧ್ರದ ತುಂಬುಗೆ ಇವುಗಳಲ್ಲಿಯೂ ಕಲ್ನಾರು ಇರುತ್ತಿತ್ತು. ಹಳೆಯ ಕೇಬಲ್ ಸುಲಿಯುವಾಗ, ಹಲಗೆ ಕೊರೆಯುವಾಗ ಧೂಳು ಏಳುತ್ತದೆ. ತಾನು ಅದನ್ನು ಮುಟ್ಟದಿದ್ದರೂ, ಅದೇ ಮುಚ್ಚಿದ ಕೋಣೆಯಲ್ಲಿ ಇತರರು ಕೊಳವೆಯ ಹೊದಿಕೆ ಕಿತ್ತರೆ ಎಲೆಕ್ಟ್ರಿಷಿಯನ್ ಸಹ ಅದೇ ಗಾಳಿಯನ್ನು ಉಸಿರಾಡಬೇಕಾಗುತ್ತದೆ.

ಅಂತರರಾಷ್ಟ್ರೀಯ ಸಾಗರ ಸುರಕ್ಷತಾ ಒಪ್ಪಂದವು 2011ರ ಜನವರಿ 1ರಿಂದ ಹಡಗುಗಳಲ್ಲಿ ಹೊಸದಾಗಿ ಕಲ್ನಾರು ಅಳವಡಿಸುವುದನ್ನು ಪೂರ್ಣವಾಗಿ ನಿಷೇಧಿಸಿದೆ. ಆದರೆ ಯುದ್ಧನೌಕೆಗಳು ಆ ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ. ಹಳೆಯ ಹಡಗುಗಳಲ್ಲಿ ಮೊದಲಿನದು ಉಳಿದೇ ಇರುತ್ತದೆ. ಗುಜರಾತಿನ ಅಲಂಗ್‌ಗೆ ಒಡೆಯಲು ಹೊರಟಿದ್ದ ಫ್ರಾನ್ಸಿನ ಕ್ಲೆಮಾನ್ಸೋ ಯುದ್ಧನೌಕೆಯನ್ನು ಕಲ್ನಾರಿನ ವಿವಾದದಿಂದಾಗಿ 2006ರ ಫೆಬ್ರುವರಿಯಲ್ಲಿ ಆ ದೇಶದ ಅಧ್ಯಕ್ಷರೇ ಹಿಂದಕ್ಕೆ ಕರೆಸಿಕೊಂಡರು.

ರೋಗದ ಸ್ವರೂಪ

ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶ ಅಥವಾ ಹೊಟ್ಟೆಯ ಒಳಪೊರೆಗೆ ಬರುವ ಮೆಸೊಥೆಲಿಯೊಮಾ ಎಂಬ ಕ್ಯಾನ್ಸರ್ ಇವು ಮುಖ್ಯ ರೋಗಗಳು. ಇವು ಕೂಡಲೆ ಕಾಣಿಸುವುದಿಲ್ಲ; ಕ್ಯಾನ್ಸರ್ ತಲೆದೋರಲು 20ರಿಂದ 40 ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ಧೂಳು ಹಿಡಿದ ಬಟ್ಟೆ ಒಗೆಯುವ ತಾಯಿ, ಹೆಂಡತಿಯರಿಗೂ ರೋಗ ಬಂದ ಉದಾಹರಣೆಗಳು ಜಗತ್ತಿನ ಅನೇಕ ಕಡೆಗಳಲ್ಲಿ ದಾಖಲಾಗಿವೆ.

ಕಾನೂನಿನ ಆಸರೆ

1995ರ ಜನವರಿ 27ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾರ್ಮಿಕನ ಆರೋಗ್ಯವು ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಕಲ್ನಾರಿನ ಉದ್ದಿಮೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಯ್ದಿರಿಸಬೇಕೆಂದು ಆದೇಶಿಸಿತು. ಕಾರ್ಮಿಕರ ಪರಿಹಾರ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿಯೂ ಆಸ್ಬೆಸ್ಟೋಸಿಸ್ ಇದೆ.

ಮಾಡಬೇಕಾದುದು

- ನೇಮಕಪತ್ರ, ಗೇಟ್ ಪಾಸ್, ಹಡಗಿನ ಹೆಸರು, ಕೆಲಸ ಮಾಡಿದ ವರ್ಷ ಇವನ್ನು ಕಾಯ್ದಿರಿಸಿರಿ. ಗುತ್ತಿಗೆದಾರನ ಕೈಕೆಳಗೆ ದುಡಿಯುವವರಿಗೆ ಇದು ಇನ್ನೂ ಅಗತ್ಯ.
- ಹಳೆಯ ಕೇಬಲ್, ಹೊದಿಕೆ ಮುಟ್ಟುವ ಮೊದಲು ಅದರಲ್ಲಿ ಕಲ್ನಾರು ಇದೆಯೇ ಎಂದು ಮೇಲ್ವಿಚಾರಕರನ್ನು ಕೇಳಿರಿ.
- ಕಲ್ನಾರಿನ ಧೂಳನ್ನು ಒಣಗಿದಂತೆಯೇ ಗುಡಿಸಬೇಡಿರಿ. ಮುಖಕ್ಕೆ ಕಟ್ಟಿದ ಕರವಸ್ತ್ರ ಇದನ್ನು ತಡೆಯದು.
- ಕೆಲಸದ ಬಟ್ಟೆಯನ್ನು ಮನೆಗೆ ತರಬೇಡಿರಿ.
- ದಮ್ಮು, ಬಿಡದ ಕೆಮ್ಮು ಕಂಡರೆ ಹಿಂದಿನ ಉದ್ಯೋಗವನ್ನು ವೈದ್ಯರಿಗೆ ತಿಳಿಸಿರಿ.

ಮುಂಬಯಿಯಲ್ಲಿ ಉಸಿರಾಡಿದ ಧೂಳಿನ ಫಲ ನಿವೃತ್ತಿಯ ನಂತರ ಲೋಹಾರಾದ ಮನೆಯಲ್ಲಿ ಕಾಣಿಸಿಕೊಳ್ಳಬಹುದು. ಆಗ ಕಾಗದಪತ್ರವಿಲ್ಲದಿದ್ದರೆ ಹಕ್ಕು ಕೇಳುವುದು ಕಷ್ಟ. ದೂರದೂರಿಗೆ ಹೊರಡುವ ಮಗನ ಪೆಟ್ಟಿಗೆಯಲ್ಲಿ ಪ್ರಮಾಣಪತ್ರಗಳ ಜೊತೆಗೆ ಕನ್ನಡದಲ್ಲಿ ಬರೆದ ಈ ತಿಳಿವಳಿಕೆಯೂ ಇರಲಿ ಎಂದು ಪಾಲಕರಲ್ಲಿ ವಿನಂತಿಸುತ್ತೇವೆ.