ಚಳಿಗಾಲಕ್ಕೆ ಮುಂಚೆ ಕಾರಿಗೆ ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ವ್ಯಾಕ್ಸ್: ಯಾವುದು ಸರಿ, ಯಾವುದು ಪೇಂಟನ್ನೇ ತಿನ್ನುತ್ತದೆ?

ದೀಪಾವಳಿ ಮುಗಿದು ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಯ ಮಾತು ಶುರುವಾಗುವ ಹೊತ್ತಿಗೆ ಫ್ಯಾಮಿಲಿ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಕಾರಿನ ಬಗ್ಗೆ ಫಾರ್ವರ್ಡ್‌ಗಳು ಬರತೊಡಗುತ್ತವೆ. ಚಳಿಗೆ ಪೇಂಟ್ ಬಿರುಕು ಬಿಡುತ್ತದೆ, ಅದಕ್ಕೆ ಮೊದಲೇ ಪಾಲಿಶ್ ಮಾಡಿಸಿ ವ್ಯಾಕ್ಸ್ ಹಚ್ಚಿ ಎನ್ನುವುದು ಒಂದು. ದುಡ್ಡು ಯಾಕೆ ದಂಡ, ಗೀರು ಬಿದ್ದ ಕಡೆ ಟೂತ್‌ಪೇಸ್ಟ್ ಉಜ್ಜಿ ಮೇಲೆ ಕೊಬ್ಬರಿ ಎಣ್ಣೆ ಒರೆಸಿದರೆ ಶೋರೂಮ್ ಹೊಳಪು ಬರುತ್ತದೆ ಎನ್ನುವುದು ಇನ್ನೊಂದು. ಜೊತೆಗೆ ಮೊದಲು ಮತ್ತು ಆಮೇಲೆ ಎಂದು ಎರಡು ಫೋಟೊ.

ಚುಟುಕಾಗಿ ಹೇಳುವುದಾದರೆ, ಬೆಂಗಳೂರಿನ ಚಳಿಗೆ ಪೇಂಟ್ ಬಿರುಕು ಬಿಡುವುದಿಲ್ಲ. ಟೂತ್‌ಪೇಸ್ಟ್ ಗೀರನ್ನು ತುಂಬುವುದಿಲ್ಲ, ಅದರ ಸುತ್ತಲಿನ ಪೇಂಟನ್ನು ಸವೆಸುತ್ತದೆ. ಕೊಬ್ಬರಿ ಎಣ್ಣೆ ಧೂಳನ್ನು ಕರೆದು ಕೂರಿಸುತ್ತದೆ. ವ್ಯಾಕ್ಸ್ ಒಳ್ಳೆಯದೇ, ಆದರೆ ಕಾರಣ ಚಳಿ ಅಲ್ಲ.

ಈ ಸಲಹೆ ಎಲ್ಲಿಂದ ಬಂತು?

ಇದು ಪೂರ್ತಿ ಸುಳ್ಳು ಸಲಹೆಯಲ್ಲ, ಊರು ತಪ್ಪಿ ಬಂದ ಸಲಹೆ. ಶಿಕಾಗೊ, ಟೊರಾಂಟೊ ಕಡೆ ಇರುವ ನಮ್ಮವರನ್ನು ಕೇಳಿ ನೋಡಿ. ಅಲ್ಲಿ ಹಿಮ ಬಿದ್ದಾಗ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಚಕ್ರದಿಂದ ಎಗರಿ ಬಾಗಿಲ ಕೆಳಗೆ, ಗಾಡಿಯ ತಳಕ್ಕೆ ಅಂಟಿ ತುಕ್ಕು ಹಿಡಿಸುತ್ತದೆ. ಕೊರೆಯುವ ಚಳಿಯಲ್ಲಿ ಗಾಡಿ ತೊಳೆಯುವುದೂ ಕಷ್ಟ. ಆದ್ದರಿಂದ ಹಿಮ ಬೀಳುವ ಮುಂಚೆ ವ್ಯಾಕ್ಸ್ ಹಚ್ಚುವುದು ಅಲ್ಲಿ ಜಾಣತನ. ನಮ್ಮಲ್ಲಿ ಉಪ್ಪಿನ ಕಾಟ ಇರುವುದು ಮಂಗಳೂರು, ಕಾರವಾರದಂಥ ಕರಾವಳಿಯಲ್ಲಿ, ಅದೂ ವರ್ಷಪೂರ್ತಿ.

ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಈಗಿನ ಡಿಸೆಂಬರ್ ರಾತ್ರಿಗಳು ಸಾಮಾನ್ಯವಾಗಿ 15–16 ಡಿಗ್ರಿಯ ಆಸುಪಾಸು. ಮೈನಸ್ 20 ಡಿಗ್ರಿಯ ಊರುಗಳಲ್ಲಿ ಓಡಾಡುವ ಕಾರುಗಳ ಪೇಂಟ್ ಕೂಡ ಹೆಚ್ಚುಕಡಿಮೆ ಇದೇ ಬಗೆಯದು. ನಮಗೆ ಸ್ವೆಟರ್ ಬೇಕಾದ ಮಾತ್ರಕ್ಕೆ ಗಾಡಿಗೂ ಬೇಕು ಅಂತಲ್ಲ.

ಕಾರಿನ ಮೇಲೆ ಎಷ್ಟು ದಪ್ಪ ಪೇಂಟ್ ಇರುತ್ತದೆ?

ಇದೊಂದು ಗೊತ್ತಾದರೆ ಅರ್ಧ ಫಾರ್ವರ್ಡ್‌ಗಳಿಗೆ ಉತ್ತರ ಸಿಕ್ಕಂತೆ. ತಗಡಿನ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಬಣ್ಣದ ಪದರ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲಾ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35–50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ನಾವು ಹೊಳಪು ಎನ್ನುವುದು ಈ ಪದರದ ನುಣುಪನ್ನೇ. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆದು ಕೆಳಗಿನ ಬಣ್ಣವನ್ನು ಕಾಯುವುದೂ ಇದೇ. ಹತ್ತು ಹನ್ನೆರಡು ವರ್ಷ ರಸ್ತೆ ಬದಿ ನಿಂತ ಕಾರುಗಳ ಟಾಪ್ ಮತ್ತು ಬಾನೆಟ್ ಬಿಳಿಚಿಕೊಂಡು ಸಿಪ್ಪೆ ಏಳುವುದನ್ನು ನೋಡಿರುತ್ತೀರಿ. ಅದು ಕ್ಲಿಯರ್ ಕೋಟ್ ಸತ್ತ ಲಕ್ಷಣ. ಆ ಹಂತಕ್ಕೆ ಬಂದ ಮೇಲೆ ಯಾವ ಪಾಲಿಶೂ ಕೆಲಸಕ್ಕೆ ಬರುವುದಿಲ್ಲ, ಆ ಭಾಗಕ್ಕೆ ಮತ್ತೆ ಪೇಂಟೇ ಹೊಡೆಸಬೇಕು.

ತೊಳೆಯುವುದು, ಪಾಲಿಶ್, ವ್ಯಾಕ್ಸ್ ಮೂರನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ತೊಳೆದರೆ ಕೊಳೆ ಹೋಗುತ್ತದೆ, ಪಾಲಿಶ್ ಮಾಡಿದರೆ ಪೇಂಟ್ ಹೋಗುತ್ತದೆ, ವ್ಯಾಕ್ಸ್ ಹಚ್ಚಿದರೆ ಮೇಲೊಂದು ಪದರ ಬರುತ್ತದೆ. ಪಾಲಿಶ್ ಎಂದರೆ ನುಣ್ಣನೆಯ ಮರಳುಕಾಗದದ ಕೆಲಸ. ಗೀರು ಮಾಯವಾಗುವುದು ಅದು ತುಂಬಿಕೊಂಡಿದ್ದರಿಂದಲ್ಲ, ಅದರ ಅಕ್ಕಪಕ್ಕದ ಕ್ಲಿಯರ್ ಕೋಟ್ ಗೀರಿನ ಮಟ್ಟಕ್ಕೆ ಇಳಿದಿದ್ದರಿಂದ. ಗ್ಯಾರೇಜಿನಲ್ಲಿ ಮೆಷಿನ್ ಹಿಡಿದು ರಬ್ಬಿಂಗ್ ಮಾಡಿದಾಗ ಒಂದು ಸಲಕ್ಕೆ ಕೆಲವು ಮೈಕ್ರಾನ್ ಸವೆಯುವುದು ಸಾಮಾನ್ಯ. ಇರುವ 40ರಲ್ಲಿ ಪ್ರತಿ ಆಯುಧಪೂಜೆಗೂ ಮೂರೋ ನಾಲ್ಕೋ ಕಳೆಯುತ್ತಾ ಹೋದರೆ ಏನಾಗುತ್ತದೆ, ನೀವೇ ಲೆಕ್ಕ ಹಾಕಿ. ಸರ್ವೀಸ್‌ಗೆ ಬಿಟ್ಟಾಗಲೆಲ್ಲ ‘ಸಾರ್, ರಬ್ಬಿಂಗ್ ಪಾಲಿಶ್ ಮಾಡಿಸಿಬಿಡಿ’ ಎಂದು ಹೇಳುವವರಿಗೆ ಬೇಡ ಎನ್ನಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಟೂತ್‌ಪೇಸ್ಟ್ ಫೋಟೊಗಳು ಸುಳ್ಳೇ?

ಸುಳ್ಳಲ್ಲ, ಅದಕ್ಕೇ ಜನ ನಂಬುವುದು. ಹಲ್ಲಿನ ಕಲೆ ತೆಗೆಯಲೆಂದು ಟೂತ್‌ಪೇಸ್ಟ್‌ನಲ್ಲಿ ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಪುಡಿ ಇರುತ್ತದೆ. ಕಾರಿನ ಮೇಲೆ ಉಜ್ಜಿದರೆ ಅದೇ ಪುಡಿ ಕ್ಲಿಯರ್ ಕೋಟನ್ನು ಸವೆಸಿ ತೆಳು ಗೀರಿನ ಅಂಚನ್ನು ಮೊಂಡು ಮಾಡುತ್ತದೆ. ಸ್ವಲ್ಪ ಬಿಳಿ ಪುಡಿ ಗೀರಿನೊಳಗೆ ಕೂತು ಬಿಳಿ ಕಾರಿನಲ್ಲಿ ಅದನ್ನು ಮರೆಮಾಚುತ್ತದೆ ಕೂಡ. ಎರಡು ಸಲ ತೊಳೆದ ಮೇಲೆ ಗೀರು ವಾಪಸ್, ಅದರ ಸುತ್ತ ಅಂಗೈಯಗಲ ಮಂಕು ಬೇರೆ. ಪಾಲಿಶ್‌ಗೆಂದೇ ಮಾಡಿದ ಪೇಸ್ಟ್‌ನಲ್ಲಿ ಕಣದ ಗಾತ್ರ ಲೆಕ್ಕಾಚಾರದಲ್ಲಿ ಇರುತ್ತದೆ. ಹಲ್ಲಿನ ಎನಾಮಲ್‌ಗೆ ಮಾಡಿದ ಪೇಸ್ಟ್‌ಗೆ ಪ್ಲಾಸ್ಟಿಕ್‌ನಂಥ ಕ್ಲಿಯರ್ ಕೋಟ್‌ನ ಲೆಕ್ಕ ಗೊತ್ತಿಲ್ಲ.

ಹೆಡ್‌ಲೈಟ್‌ನ ಹಳದಿ ಹೋಗಲಾಡಿಸಲು ಟೂತ್‌ಪೇಸ್ಟ್ ಹಾಕುವುದೂ ಹೀಗೇ. ಹಳದಿ ಹೋಗುತ್ತದೆ, ಜೊತೆಗೆ ಬಿಸಿಲು ತಡೆಯುವ ಲೇಪ ಅಳಿದುಳಿದಿದ್ದರೆ ಅದೂ ಹೋಗುತ್ತದೆ. ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ, ಪಾಲಿಶ್‌ನಿಂದ ಹೋಗುವಂಥದ್ದಲ್ಲ, ಟಚ್‌ಅಪ್ ಬೇಕು. ಸಿಕ್ಕದಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಪಾಲಿಶ್ ಸಾಕು, ಇಡೀ ಗಾಡಿಗೆ ಬೇಡ.

ಕೊಬ್ಬರಿ ಎಣ್ಣೆಯದು ಇನ್ನೂ ಸರಳ. ಎಣ್ಣೆ ಬಳಿದರೆ ಏನಾದರೂ ಮಿಂಚುತ್ತದೆ. ಆದರೆ ಅದು ಒಣಗಿ ಗಟ್ಟಿ ಪದರ ಆಗುವುದಿಲ್ಲ, ರಸ್ತೆಯ ಧೂಳೆಲ್ಲ ಬಂದು ಅದರಲ್ಲಿ ಅಂಟಿಕೊಳ್ಳುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದನ್ನು ಬಾಟಲಿಯಲ್ಲೇ ನೋಡಿದ್ದೀರಿ. ಡಿಸೆಂಬರ್ ಬೆಳಿಗ್ಗೆ ಮಲ್ಲೇಶ್ವರದಲ್ಲಿ ನಿಮ್ಮ ಬಾನೆಟ್ ಮೇಲೆ ಆಗುವುದೂ ಅದೇ, ಧೂಳು ಸಮೇತ. ಸೀಮೆಎಣ್ಣೆ, ಡೀಸೆಲ್ ಬಟ್ಟೆಯಲ್ಲಿ ಒರೆಸುವ ಹಳೇ ಅಭ್ಯಾಸವೂ ಬೇಡ. ಡಾಂಬರಿನ ಚುಕ್ಕೆ ತೆಗೆಯಲು ಅದು ಬರಬಹುದು, ಹೊಳಪಿಗಲ್ಲ.

ಹಾಗಾದರೆ ನಮ್ಮ ಬೀದಿಗಳಲ್ಲಿ ಪೇಂಟ್ ಹಾಳು ಮಾಡುವುದು ಏನು?

ಮೊದಲನೆಯದು, ನಂಬಲು ಕಷ್ಟ, ನಾವು ದಿನಾ ಒರೆಸುವ ಬಟ್ಟೆ. ಹಳೇ ಬಡಾವಣೆಗಳಲ್ಲಿ ಬೆಳಿಗ್ಗೆ ಆರಕ್ಕೆ ಒಂದು ಬಕೆಟ್, ಒಂದು ಬಟ್ಟೆ ಹಿಡಿದು ಬೀದಿಯ ಹತ್ತಾರು ಗಾಡಿ ಒರೆಸಿಕೊಡುವವರು ಇದ್ದಾರೆ. ತಪ್ಪು ಅವರದಲ್ಲ, ದಿನಾ ಹೊಳೆಯಬೇಕು ಎಂದು ಕೇಳಿದವರು ನಾವು. ನಮ್ಮ ಊರು ಕಲ್ಲಿನ ಮೇಲೆ ಕೂತಿದೆ. ಬ್ಯೂಗಲ್ ರಾಕ್, ಲಾಲ್‌ಬಾಗಿನ ಬಂಡೆ ನೋಡಿದರೆ ಸಾಕು. ಇಲ್ಲಿನ ಧೂಳಿನಲ್ಲಿ ಕಲ್ಲಿನ ಪುಡಿ, ಅದರಲ್ಲಿ ಕ್ವಾರ್ಟ್ಜ್ ಧಾರಾಳ. ಕ್ವಾರ್ಟ್ಜ್ ಗಾಜನ್ನೇ ಗೀರಬಲ್ಲದು, ಕ್ಲಿಯರ್ ಕೋಟ್ ಯಾವ ಲೆಕ್ಕ. ಒಣ ಧೂಳನ್ನು ಬಟ್ಟೆಯಲ್ಲಿ ಒತ್ತಿ ಸುತ್ತಿದಾಗ ಬೀಳುವ ಸಾವಿರಾರು ಸಣ್ಣ ಗೀರುಗಳು ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುತ್ತವೆ. ಕಪ್ಪು ಕಾರಿನವರಿಗೆ ಇದು ಚೆನ್ನಾಗಿ ಗೊತ್ತು. ಎಷ್ಟೋ ಜನ ಪಾಲಿಶ್ ಮಾಡಿಸುವುದು ಈ ಬಲೆ ಅಳಿಸಲು, ಮಾರನೇ ದಿನದಿಂದ ಅದೇ ಬಟ್ಟೆ ಮತ್ತೆ ಶುರು. ದಿನಾ ಒರೆಸುವುದನ್ನು ವಾರಕ್ಕೊಮ್ಮೆಗೆ ಇಳಿಸಿ, ಒರೆಸುವ ಮುಂಚೆ ನೀರು ಹಾಯಿಸಿದರೆ ಪೇಂಟಿನ ಆಯಸ್ಸಿಗೆ ಯಾವ ವ್ಯಾಕ್ಸಿಗಿಂತಲೂ ಹೆಚ್ಚು ಲಾಭ.

ಎರಡನೆಯದು ಮರಗಳು. ಮಲ್ಲೇಶ್ವರ, ಬಸವನಗುಡಿಯಲ್ಲಿ ನೆರಳು ಸಿಗುವುದೇ ಪುಣ್ಯ. ಆದರೆ ಮರದಡಿ ನಿಲ್ಲಿಸಿದ ಗಾಡಿಯ ಮೇಲೆ ಸಣ್ಣ ಅಂಟು ಹನಿಗಳು ಬಿದ್ದಿರುತ್ತವೆ. ಅದು ಬಹುಪಾಲು ಮರದ ಅಂಟಲ್ಲ. ಎಲೆಯ ರಸ ಹೀರುವ ಗಿಡಹೇನು, ಹಿಟ್ಟುತಿಗಣೆಯಂಥ ಕೀಟಗಳು ಹೊರಹಾಕುವ ಸಕ್ಕರೆ ನೀರು. ಹಸಿ ಇದ್ದಾಗ ಬರೀ ನೀರಿಗೆ ಹೋಗುತ್ತದೆ, ವಾರ ಬಿಟ್ಟರೆ ಕಪ್ಪು ಬೂಸ್ಟು ಹಿಡಿದು ಗಟ್ಟಿಯಾಗುತ್ತದೆ. ಹಕ್ಕಿ ಹಿಕ್ಕೆ ಇದಕ್ಕಿಂತ ಕೆಟ್ಟದ್ದು. ಬಿಸಿಲಿಗೆ ಕ್ಲಿಯರ್ ಕೋಟ್ ಸ್ವಲ್ಪ ಮೆದುವಾಗಿ ಹಿಗ್ಗುತ್ತದೆ, ಸಂಜೆ ತಣ್ಣಗಾಗಿ ಕುಗ್ಗುವಾಗ ಒಣಗಿದ ಹಿಕ್ಕೆಯ ಅಚ್ಚು ಅದರ ಮೇಲೆ ಉಳಿಯುತ್ತದೆ. ಒಣಗಿದ್ದನ್ನು ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಕಿಟ್ಟು, ಆಮೇಲೆ ಎತ್ತಿಕೊಂಡಂತೆ ತೆಗೆಯಿರಿ.

ರಸ್ತೆ ಅಗೆದು ಕಾಂಕ್ರೀಟ್ ಹಾಕುವ ಕಡೆ ನಿಲ್ಲಿಸಿದ್ದರೆ ಸಿಮೆಂಟ್ ಧೂಳು ಕೂಡ ಇರುತ್ತದೆ. ಅದಕ್ಕೆ ರಾತ್ರಿ ಇಬ್ಬನಿ ತಾಗಿದರೆ ಗಾಡಿಯ ಮೇಲೇ ಗಟ್ಟಿಯಾಗುತ್ತದೆ. ಚಳಿಗಾಲಕ್ಕೂ ಪೇಂಟಿಗೂ ಇಲ್ಲಿ ಏನಾದರೂ ಸಂಬಂಧ ಇದ್ದರೆ ಅದು ಈ ಇಬ್ಬನಿಯದು.

ಇನ್ನು ಆಯುಧಪೂಜೆ. ಬಾನೆಟ್ಟಿಗೆ ಹಚ್ಚಿದ ಕುಂಕುಮ, ಗಂಧವನ್ನು ಮಾರನೇ ದಿನವೇ ಒದ್ದೆ ಬಟ್ಟೆಯಲ್ಲಿ ತೆಗೆದರೆ ತೊಂದರೆ ಇಲ್ಲ. ಹೂವು, ಬಾಳೆಕಂದು ಕಟ್ಟಲು ಹಾಕಿದ ಸೆಲ್ಲೋ ಟೇಪನ್ನು ಬಿಸಿಲಲ್ಲಿ ಬಿಟ್ಟರೆ ಅಂಟು ಕೂತುಬಿಡುತ್ತದೆ, ದಾರ ಬಳಸಿ. ಬಿಳಿ ಕಾರಿಗೆ ಅರಿಶಿನದ ಕಲೆ ಆಗಿದ್ದರೆ ಉಜ್ಜಬೇಡಿ. ಅರಿಶಿನದ ಬಣ್ಣ ಬಿಸಿಲಿಗೆ ತಾನೇ ಕೆಡುತ್ತದೆ, ಬಟ್ಟೆಯ ಮೇಲಿನ ಕಲೆ ಬಿಸಿಲಲ್ಲಿ ಒಣಹಾಕಿದರೆ ಮಾಸುವ ಹಾಗೆ. ತೊಳೆದು ಕೆಲವು ದಿನ ಬಿಸಿಲಿಗೆ ಬಿಡಿ.

ನೀರಿನ ಲೆಕ್ಕ

2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿತು. ದಂಡ 5,000 ರೂಪಾಯಿ, ಮತ್ತೆ ಮಾಡಿದರೆ ದಿನಕ್ಕೆ 500 ಹೆಚ್ಚುವರಿ. 2025ರ ಫೆಬ್ರವರಿಯಲ್ಲೂ ಇಂಥದೇ ಆದೇಶ ಬಂತು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಅದೂ ಮೇಲಕ್ಕೆ ಪಂಪ್ ಮಾಡಿ ತರುವ ಕಾವೇರಿ ನೀರನ್ನು ಪೈಪ್ ಹಿಡಿದು ಚಕ್ರಕ್ಕೆ ಬಿಡುವುದು ಎಂಥದ್ದು ಎಂದು ಜಗಲಿಯಲ್ಲಿ ಕೂತ ಅಜ್ಜಿಯರೇ ಬೈಯುತ್ತಾರೆ. ಎರಡು ಬಕೆಟ್, ಅಂದರೆ 30–40 ಲೀಟರ್‌ನಲ್ಲಿ ಕಾರು ಚೆನ್ನಾಗಿಯೇ ತೊಳೆಯಬಹುದು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ಬನ್ನಿ, ಚಕ್ರದ ಬಟ್ಟೆ ಬೇರೆ ಇರಲಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಸಲಕ್ಕೆ ಪೇಂಟ್ ಹಾಳು ಮಾಡುವುದಿಲ್ಲ, ಆದರೆ ಜಿಡ್ಡಿನ ಜೊತೆ ಹಚ್ಚಿದ ವ್ಯಾಕ್ಸನ್ನೂ ಎತ್ತಿಕೊಂಡು ಹೋಗುತ್ತದೆ. ಪಾತ್ರೆ ಉಜ್ಜುವ ಸೋಪಿನ ಬಿಲ್ಲೆಯನ್ನಂತೂ ಮುಟ್ಟಿಸಬೇಡಿ, ಅದರಲ್ಲಿ ಖನಿಜದ ಪುಡಿ ಇರುತ್ತದೆ.

ಬೋರ್‌ವೆಲ್ ನೀರಾದರೆ ಒಂದು ಎಚ್ಚರ: ಅದು ಗಡಸು ನೀರು. ಹನಿ ತಾನೇ ಒಣಗಲು ಬಿಟ್ಟರೆ ಬಿಳಿ ಉಂಗುರ ಉಳಿಯುತ್ತದೆ, ಗೀಸರ್‌ನಲ್ಲಿ ಕಟ್ಟುವ ಅದೇ ಸುಣ್ಣ. ಬಿಸಿಲಲ್ಲಿ ತೊಳೆಯಬೇಡಿ, ತೊಳೆದ ತಕ್ಷಣ ಮೈಕ್ರೋಫೈಬರ್ ಬಟ್ಟೆಯಲ್ಲಿ ನೀರು ತೆಗೆಯಿರಿ.

ವ್ಯಾಕ್ಸ್ ಹಚ್ಚುವುದಾದರೆ

ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಜೋರು ಮಳೆಯ ತಿಂಗಳು. ಕಾರ್ತಿಕದ ಕೊನೆಗೆ ಮಳೆ ಹಿಂದೆ ಸರಿಯುತ್ತದೆ, ಮುಂದೆ ಮೂರ್ನಾಲ್ಕು ತಿಂಗಳು ಒಣಹವೆ, ಆಮೇಲೆ ಮಾರ್ಚ್‌ನ ಉರಿಬಿಸಿಲು. ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿರುವ ಊರು, ತಂಪು ಗಾಳಿ ಇದ್ದರೂ ಬಿಸಿಲಿನ ಏಟು ಚಿಕ್ಕದಲ್ಲ. ಹಾಗಾಗಿ ನವೆಂಬರ್ ಕೊನೆ ಅಥವಾ ಡಿಸೆಂಬರ್ ಒಳ್ಳೆಯ ಸಮಯ: ನೀರಿನ ಬರ ಇನ್ನೂ ಬಂದಿರುವುದಿಲ್ಲ, ವ್ಯಾಕ್ಸ್ ಇದ್ದರೆ ಕೊಳೆ ಸುಲಭಕ್ಕೆ ಬಿಡುವುದರಿಂದ ಬೇಸಿಗೆಯಲ್ಲಿ ನೀರೂ ಕಡಿಮೆ ಸಾಕು. ಹೆಸರು ಕೇಳಿರುವ ಕಾರ್ನೌಬಾ ಎಂಬುದು ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯ ಮೇಣ. ಸುಮಾರು 82 ಡಿಗ್ರಿಯವರೆಗೆ ಕರಗುವುದಿಲ್ಲ, ಆದರೂ ನಮ್ಮ ಬಿಸಿಲು ಧೂಳಿಗೆ ಬಾಳಿಕೆ ಒಂದೆರಡು ತಿಂಗಳಷ್ಟೇ. ಸಿಂಥೆಟಿಕ್ ಸೀಲಂಟ್ ಇನ್ನೂ ಕೆಲವು ತಿಂಗಳು ಹೆಚ್ಚು ನಿಲ್ಲುತ್ತದೆ.

ಹಚ್ಚುವ ಮುಂಚೆ ತೊಳೆದು ಒಣಗಿಸಿದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಕವರ್‌ನೊಳಗೆ ಕೈ ಹಾಕಿ ಸವರಿ. ಮರಳಿನಂತೆ ಒರಟಾಗಿ ತಾಗಿದರೆ ಅಂಟಿಕೊಂಡ ಕಣಗಳಿವೆ, ಅದಕ್ಕೆ ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆ ಬರುತ್ತದೆ. ಚಾಮರಾಜಪೇಟೆಯ ಪಕ್ಕದ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿ. ವ್ಯಾಕ್ಸ್ ತೆಳುವಾಗಿ, ನೆರಳಿನಲ್ಲಿ, ಒಂದೊಂದೇ ಭಾಗಕ್ಕೆ. ದಪ್ಪ ಬಳಿದರೆ ಹೆಚ್ಚು ರಕ್ಷಣೆ ಇಲ್ಲ, ಒರೆಸಿ ತೆಗೆಯುವ ಕಷ್ಟ ಮಾತ್ರ ಹೆಚ್ಚು.

ಸೆರಾಮಿಕ್ ಕೋಟಿಂಗ್ ಮಾರುವವರು ಹೇಳುವ 9ಎಚ್ ಬಗ್ಗೆಯೂ ಒಂದು ಮಾತು. ಅದು ಪೆನ್ಸಿಲ್ ಗಡಸುತನದ ಅಳತೆ, ಅಂಗಡಿಯಲ್ಲಿ ಸಿಗುವ 9ಎಚ್ ಪೆನ್ಸಿಲ್ಲಿಗೆ ಗೀರು ಬೀಳುವುದಿಲ್ಲ ಎಂದಷ್ಟೇ ಅರ್ಥ. ಕಲ್ಲಿನ ಧೂಳು ಆ ಪೆನ್ಸಿಲ್ಲಿಗಿಂತ ಬಹಳ ಗಟ್ಟಿ.

ಮನೆಯಲ್ಲಿ ಅಪ್ಪ, ತಾತನ ಕಾಲದ ಅಂಬಾಸಿಡರ್, ಪದ್ಮಿನಿ ಅಥವಾ ಹಳೇ ಮಾರುತಿ ಇದ್ದರೆ ಅದಕ್ಕೆ ಕ್ಲಿಯರ್ ಕೋಟೇ ಇಲ್ಲದಿರುವ ಸಾಧ್ಯತೆ ಹೆಚ್ಚು. ಕಾಣದ ಒಂದು ಮೂಲೆಯಲ್ಲಿ ಸ್ವಲ್ಪ ಪಾಲಿಶ್ ಹಾಕಿ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ನೀವು ಸವೆಸುತ್ತಿರುವುದು ನೇರ ಬಣ್ಣವನ್ನೇ. ಅಲ್ಲಿಗೆ ಪಾಲಿಶ್ ನಿಲ್ಲಿಸಿ, ವ್ಯಾಕ್ಸ್ ಮಾತ್ರ ಹಚ್ಚಿ.