ಹವಳಕ್ಕೆ ಎಷ್ಟು ಬೆಳಕು ಸಾಕು?

“ಎರಡಡಿ ಟ್ಯಾಂಕಿಗೆ ಎಷ್ಟು ವ್ಯಾಟ್ ಹಾಕಲಿ?” ಹೆಬ್ಬಾಳದಿಂದ ಚಿಕ್ಕಜಾಲದವರೆಗೆ ಬಳ್ಳಾರಿ ರಸ್ತೆಯ ಇಕ್ಕೆಲದಲ್ಲಿ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಮನೆಯಲ್ಲಿ ಹವಳ ಸಾಕುವ ನನಗೆ ಬರುವ ಫೋನುಗಳಲ್ಲಿ ಮುಕ್ಕಾಲುಪಾಲು ಹೀಗೇ ಶುರುವಾಗುತ್ತವೆ. ಕೇಳುವವರನ್ನು ದೂರುವಂತಿಲ್ಲ, ದೀಪದ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಅದೊಂದೇ ಅಂಕಿ. ಆದರೆ ವ್ಯಾಟ್ ನೋಡಿ ತಿಳಿಯುವುದು ಕರೆಂಟ್ ಬಿಲ್ಲು ಎಷ್ಟು ಬಂದೀತೆಂದಷ್ಟೆ. ಹವಳದ ಮೈಮೇಲೆ ಎಷ್ಟು ಬೆಳಕು ಬಿತ್ತೆಂಬುದು ಬೇರೆಯೇ ಲೆಕ್ಕ. ಎರಡೂ ಒಂದೇ ಎಂಬ ನಂಬಿಕೆ ಹುಟ್ಟಿದ್ದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹವಳದ ಅಂಗಾಂಶದೊಳಗೆ ಬಾಳುವ ಸೂಕ್ಷ್ಮ ಪಾಚಿಗೂ ಬೆಳಕಿಗೂ ಇರುವ ನಂಟನ್ನು 1928–29ರಲ್ಲಿ ಮಾರಿಸ್ ಯಂಗ್ ನೇತೃತ್ವದ ಗ್ರೇಟ್ ಬ್ಯಾರಿಯರ್ ರೀಫ್ ತಂಡ ಪರೀಕ್ಷಿಸಿತ್ತು. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್, ಜೀವಂತ ಬಂಡೆ, ಗಾಳಿಗುಳ್ಳೆ, ಬಿಸಿಲು ಇಷ್ಟರಲ್ಲೇ ಮನೆಯಲ್ಲಿ ಹವಳ ಸಾಕಬಹುದೆಂದು ಬರೆದರು. ಬಿಸಿಲು ಧಾರಾಳವಿಲ್ಲದ ಜರ್ಮನಿಯವರು 1980ರ ದಶಕದಲ್ಲಿ ಮೆಟಲ್ ಹಾಲೈಡ್ ದೀಪ ನೇತುಹಾಕಿದರು. 1986ರಲ್ಲಿ ಜಾರ್ಜ್ ಸ್ಮಿಟ್ ಅವರ ಲೇಖನಮಾಲೆಯ ಮೂಲಕ ಕಿರು ರೀಫ್ ಟ್ಯಾಂಕಿನ ಹುಚ್ಚು ಅಮೆರಿಕಕ್ಕೂ ಹತ್ತಿತು.

‘ಗ್ಯಾಲನ್ನಿಗೆ ಇಷ್ಟು ವ್ಯಾಟ್’ ಎಂಬ ಸೂತ್ರ ಟ್ಯೂಬ್‌ಲೈಟಿನ ಆ ಕಾಲದ್ದು. ಎಲ್ಲರ ಬಳಿಯೂ ಹೆಚ್ಚುಕಡಿಮೆ ಒಂದೇ ಬಗೆಯ ಟ್ಯೂಬು ಇದ್ದಾಗ ಅದಕ್ಕೆ ಅಷ್ಟಿಷ್ಟು ಅರ್ಥವಿತ್ತು. ಟ್ಯೂಬು ಹೋಯಿತು, ಸೂತ್ರ ಉಳಿಯಿತು.

ಹಾಲೈಡ್ ದೀಪದ ಬೆಳಕು ನೀರಿನ ಅಲೆಗೆ ಸಿಕ್ಕಿ ಮರಳಿನ ಮೇಲೆ ಕುಣಿಯುವುದನ್ನು ಕಂಡವರು ಅದನ್ನು ಮರೆಯಲಾರರು. ಆದರೆ 250 ವ್ಯಾಟಿನ ಆ ದೀಪ ನೀರನ್ನೂ ಕಾಯಿಸುತ್ತಿತ್ತು. ಬೆಂಗಳೂರಿನ ಡಿಸೆಂಬರಿನಲ್ಲಿ ನಡೆಯುತ್ತಿತ್ತು. ಏಪ್ರಿಲಿನಲ್ಲಿ ಚಿಲ್ಲರ್ ಇಲ್ಲದೆ ಸಾಧ್ಯವಿರಲಿಲ್ಲ. 2016ರ ಏಪ್ರಿಲ್ 24ರಂದು ನಗರದ ಬಿಸಿಲು 39.2 ಡಿಗ್ರಿ ಮುಟ್ಟಿದಾಗ ಹಳೆಯ ಹಾಲೈಡ್ ಆರಿಸಿ ಐಸ್ ಬಾಟಲಿ ತೇಲಿಬಿಟ್ಟವರಲ್ಲಿ ನಾನೂ ಒಬ್ಬ.

ನಮ್ಮ ತಲೆಮಾರು ಕೈಪಳಗಿಸಿಕೊಂಡದ್ದು ಟಿ5 ಟ್ಯೂಬಿನಲ್ಲಿ. ಎರಡಡಿಗೆ 24 ವ್ಯಾಟ್, ಮೂರಡಿಗೆ 39, ನಾಲ್ಕಡಿಗೆ 54. ಪ್ರತಿ ಟ್ಯೂಬಿನ ಬೆನ್ನಿಗೂ ಒಂದೊಂದು ಪ್ರತಿಫಲಕ. ವರ್ಷಕ್ಕೊಮ್ಮೆ ಟ್ಯೂಬು ಬದಲಿಸುವ ಖರ್ಚಿತ್ತು, ನಿಜ. ಆದರೆ ಬೆಳಕು ಚಾಪೆ ಹಾಸಿದಂತೆ ಸಮನಾಗಿ ಬೀಳುತ್ತಿತ್ತು. ಹವಳವನ್ನು ನಾಲ್ಕಿಂಚು ಆಚೀಚೆ ಸರಿಸಿದರೂ ಅದರ ಪಾಲಿನ ಬೆಳಕು ಹೆಚ್ಚು ಬದಲಾಗುತ್ತಿರಲಿಲ್ಲ. ತಪ್ಪು ಮಾಡಿದವನನ್ನು ಕ್ಷಮಿಸುವ ದೀಪ ಅದು. ಹೊಸಬರಿಗೆ ಇಂದಿಗೂ ಅದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ ಎಂಬುದು ನನ್ನ ಹಟ.

1993ರಲ್ಲಿ ಶೂಜಿ ನಕಮುರ ಪ್ರಖರ ನೀಲಿ ಎಲ್‌ಇಡಿ ತಯಾರಿಸಿದರು. 2014ರ ನೊಬೆಲ್ ಅವರಿಗೂ ಅಕಸಾಕಿ, ಅಮಾನೊ ಅವರಿಗೂ ಸಂದಿತು. ಹವಳದ ಪಾಚಿಗೆ ಬೇಕಾದದ್ದೂ ಮುಖ್ಯವಾಗಿ ನೀಲಿಯೇ. ಕರೆಂಟು ಉಳಿಯಿತು, ಶಾಖ ತಗ್ಗಿತು. ಆದರೆ ಮಸೂರ ಕೂರಿಸಿದ ಎಲ್‌ಇಡಿ ಬೆಳಕನ್ನು ಕಂಬದಂತೆ ಕೆಳಗಿಳಿಸುತ್ತದೆ: ನಡುವೆ ಉರಿಬಿಸಿಲು, ಮೂಲೆಯಲ್ಲಿ ಮುಸ್ಸಂಜೆ. ಹೊಸ ದೀಪ ತಂದ ಉತ್ಸಾಹದಲ್ಲಿ ಪೂರ್ತಿ ತಿರುವಿ ಬಿಟ್ಟ ನನ್ನ ಟ್ಯಾಂಕಿನಲ್ಲಿ ಹತ್ತೇ ದಿನಕ್ಕೆ ಅಣಬೆ ಹವಳಗಳು ಬಿಳಿಚಿದವು. ಬೆಳಕು ಅತಿಯಾದರೆ ಪಾಚಿಯೊಳಗೆ ವಿಷಕಾರಿ ಆಮ್ಲಜನಕ ಕಣಗಳು ಹೆಚ್ಚುತ್ತವೆ. ಹವಳ ಆ ಪಾಚಿಯನ್ನೇ ಹೊರದಬ್ಬುತ್ತದೆ. ಬೆಳಕು ಸಾಲದಾದರೆ ಕಂದಾಗುತ್ತದೆ, ಕತ್ತು ಉದ್ದ ಮಾಡುತ್ತದೆ. ಕಂದಾದದ್ದು ಚೇತರಿಸಿಕೊಳ್ಳುತ್ತದೆ, ಬಿಳಿಚಿದ್ದು ಅನೇಕ ಸಲ ಇಲ್ಲ.

ನಂಬಿಕೆಯಿಂದ ಅಳತೆಯ ಕಡೆಗೆ ಈ ಹವ್ಯಾಸವನ್ನು ತಿರುಗಿಸಿದವರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಪ್ರಾಧ್ಯಾಪಕ ಸಂಜಯ್ ಜೋಶಿ ಮತ್ತು ಡೇನಾ ರಿಡಲ್ ಮುಖ್ಯರು. ಒಬ್ಬರು ದೀಪಗಳನ್ನು ಅಳೆದರು, ಇನ್ನೊಬ್ಬರು ಹವಳದ ಹಸಿವನ್ನು. ಅವರು ಬಳಸಿದ ಮಾನ ‘ಪಾರ್’: 400ರಿಂದ 700 ನ್ಯಾನೊಮೀಟರ್ ಅಲೆಯುದ್ದದ ಬೆಳಕಿನ ಕಣಗಳು ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ ಬೀಳುತ್ತವೆ ಎಂಬ ಎಣಿಕೆ. ನಡುಮಧ್ಯಾಹ್ನದ ಬಿಸಿಲು ಸುಮಾರು 2000. ಹವ್ಯಾಸಿಗಳ ರೂಢಿಯಂತೆ ಅಣಬೆ ಹವಳಕ್ಕೆ 30–80, ಮೆದು ಹವಳಕ್ಕೂ ಝೊಯಾಂಥಿಡ್‌ಗೂ 80–150, ಕವಲೊಡೆಯುವ ಕಲ್ಲು ಹವಳಕ್ಕೆ 200–350. ಅವಧಿಯೂ ಈ ಲೆಕ್ಕದೊಳಗಿನದೇ: 100 ಪಾರ್ ಹತ್ತು ಗಂಟೆ ಬಿದ್ದರೆ ದಿನಕ್ಕೆ 3.6 ಮೋಲ್.

ಮೊಬೈಲಿನ ಲಕ್ಸ್ ಅಂಕಿಯನ್ನು ನಂಬುವುದು ಈಗಿನ ಫ್ಯಾಷನ್ನು. ಲಕ್ಸ್ ಮನುಷ್ಯರ ಕಣ್ಣಿನ ಅಳತೆ. ಹಸಿರಿಗೆ ಮಣೆ ಹಾಕುತ್ತದೆ, ನೀಲಿಯನ್ನು ಕಡೆಗಣಿಸುತ್ತದೆ. ಬಿಸಿಲಿನಲ್ಲಾದರೆ ಲಕ್ಸನ್ನು 54ರಿಂದ ಭಾಗಿಸಿದರೆ ಪಾರ್ ಸಿಗುತ್ತದೆ. ನೀಲಿ ಎಲ್‌ಇಡಿಯ ಕೆಳಗೆ ಅದೇ ಭಾಗಾಕಾರ ಮಾಡಿದರೆ ಬೆಳಕು ಸಾಲದೆಂದು ತೋರುತ್ತದೆ, ಮನೆಯವರು ದೀಪ ಇನ್ನಷ್ಟು ಏರಿಸುತ್ತಾರೆ, ಹವಳ ಬೇಯುತ್ತದೆ.

ಇಷ್ಟೆಲ್ಲ ಬೆಳೆದರೂ ಒಂದು ಜಾಗ ಖಾಲಿಯಿದೆ. ಕೈಯಿಂದ ಕೈಗೆ ಓಡಾಡುವ ದೀಪದ ಪಟ್ಟಿಗಳು ಹೆಚ್ಚಾಗಿ ಕಲ್ಲು ಹವಳವನ್ನೇ ಗುರಿಯಾಗಿಸಿದವು. ನಮ್ಮಲ್ಲಿ ಕಲ್ಲು ಹವಳದ ಎಲ್ಲ ಪ್ರಭೇದಗಳೂ 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ ಸೇರಿದವು. ನಮ್ಮ ಕಡಲಿನಿಂದ ಕೀಳುವುದು ಅಪರಾಧ, ಆಗಿರುವುದು ಒಳ್ಳೆಯದೇ. ಕಾನೂನಿಗೆ ಬೆಲೆ ಕೊಡುವ ಮನೆಯಲ್ಲಿ ಉಳಿಯುವುದು ಅಣಬೆ, ಝೊಯಾಂಥಿಡ್, ಮೆದು ಹವಳ. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳಗಳು ಮಳೆಗಾಲದ ಮಬ್ಬು ನೀರನ್ನೂ ತಾಳಿಕೊಂಡು ಬದುಕಿವೆ. ಅಂಥ ಅರೆಬೆಳಕಿನ ಲೆಕ್ಕ ನಾನು ಕಂಡ ಯಾವ ಪಟ್ಟಿಯಲ್ಲೂ ಇಲ್ಲ. ಬೇಡದ ಹವಳಕ್ಕೆ ಬೇಕಾದ ದೀಪವನ್ನು ದುಬಾರಿ ಬೆಲೆಗೆ ಕೊಂಡು, ಇರುವ ಹವಳವನ್ನು ಸುಡುತ್ತಿದ್ದೇವೆ.

ಆದ್ದರಿಂದ ಹೊಸಬರಲ್ಲಿ ಒಂದು ವಿನಂತಿ. ದೀಪಕ್ಕೆ ಮೊದಲು ಹವಳ ಯಾವುದೆಂದು ನಿರ್ಧರಿಸಿ. ಪಾರ್ ಅಳೆಯುವ ಮೀಟರು ದುಬಾರಿ, ನಾಲ್ಕು ಮನೆಯವರು ಸೇರಿ ಒಂದು ಕೊಳ್ಳಿ. ನೀರಿನ ಮೇಲ್ಮಟ್ಟ, ನಡು, ತಳ ಮೂರು ಕಡೆಯೂ ಅಳೆದು ತಾರೀಖು ಹಾಕಿ ಬರೆದಿಡಿ. ದೀಪವನ್ನು ಶೇಕಡ ಮೂವತ್ತರಿಂದ ಆರಂಭಿಸಿ, ಏರಿಸುವುದಾದರೆ ಒಂದೂವರೆ ತಿಂಗಳು ತೆಗೆದುಕೊಳ್ಳಿ. ದೀಪದ ಗಾಜಿನ ಮೇಲೆ ಕೂತ ಉಪ್ಪನ್ನು ವಾರಕ್ಕೊಮ್ಮೆ ಒರೆಸಿ.

ಚಿಕ್ಕಜಾಲದ ನಮ್ಮ ಮನೆಯ ಟ್ಯಾಂಕಿನಲ್ಲಿ ಈಗಿರುವುದೂ ಎಲ್‌ಇಡಿಯೇ. ಅದು ಉರಿಯುತ್ತಿರುವುದು ತನ್ನ ಶಕ್ತಿಯ ಶೇಕಡ 35ರಲ್ಲಿ. ತಳದಲ್ಲಿ 60 ಪಾರ್. ಅಣಬೆ ಹವಳಗಳು ಅಂಗೈಯಗಲ ಆಗಿವೆ.