ಗಾಂಧಿ–ಗೋರಾ ಸಂವಾದ

ಮಹಾತ್ಮ ಗಾಂಧಿಯವರಿಗೂ ಆಂಧ್ರದ ನಾಸ್ತಿಕ ಸಮಾಜ ಸುಧಾರಕ ಗೋರಾ ಅವರಿಗೂ ನಡುವೆ ನಡೆದ ವಿಚಾರ ವಿನಿಮಯ. 1930ರಲ್ಲಿ ಒಂದು ಪತ್ರದಿಂದ ಆರಂಭವಾಗಿ, 1944ರಲ್ಲಿ ಸೇವಾಗ್ರಾಮದ ಆಶ್ರಮದಲ್ಲಿ ಮುಖಾಮುಖಿ ಮಾತುಕತೆಯಾಗಿ ಬೆಳೆದು, ಗಾಂಧಿಯವರ ಕೊನೆಯ ದಿನಗಳವರೆಗೂ ಮುಂದುವರಿಯಿತು. ದಿನಕ್ಕೆ ಎರಡು ಹೊತ್ತು ಪ್ರಾರ್ಥನೆ ಮಾಡುತ್ತಿದ್ದವರು ಒಬ್ಬರು; ದೇವರಿಲ್ಲವೆಂದು ಊರೂರಿನಲ್ಲಿ ಹೇಳುತ್ತಿದ್ದವರು ಇನ್ನೊಬ್ಬರು. ದೇವರ ವಿಷಯದಲ್ಲಿ ಇಬ್ಬರೂ ತಮ್ಮ ನಿಲುವು ಬಿಡಲಿಲ್ಲ. ಆದರೂ ಅಸ್ಪೃಶ್ಯತೆಯನ್ನು ಅಳಿಸುವ ಕೆಲಸದಲ್ಲಿ ಒಬ್ಬರ ಬಲ ಇನ್ನೊಬ್ಬರಿಗೆ ಒದಗಿತು. ಭಾರತದಲ್ಲಿ ಆಸ್ತಿಕರು ಮತ್ತು ನಾಸ್ತಿಕರ ನಡುವಣ ಸಂಬಂಧ ಹೇಗಿರಬಹುದು ಎಂಬುದಕ್ಕೆ ಇದು ಮುಖ್ಯ ನಿದರ್ಶನ.

ಗಾಂಧಿ ಮತ್ತು ನಾಸ್ತಿಕತೆ

ಗಾಂಧಿಯವರಿಗೆ ನಾಸ್ತಿಕರ ಪರಿಚಯ ಎಳೆಯ ವಯಸ್ಸಿನಲ್ಲೇ ಆಗಿತ್ತು. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ, 1891ರಲ್ಲಿ, ಬ್ರಿಟನ್ನಿನ ಹೆಸರಾಂತ ನಾಸ್ತಿಕ ಮತ್ತು ಸಂಸದ ಚಾರ್ಲ್ಸ್ ಬ್ರಾಡ್ಲಾ ತೀರಿಕೊಂಡರು. ಭಾರತದ ಪರವಾಗಿ ಸಂಸತ್ತಿನಲ್ಲಿ ದನಿ ಎತ್ತುತ್ತಿದ್ದ ಬ್ರಾಡ್ಲಾ 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದರು. ಅವರ ಅಂತ್ಯಸಂಸ್ಕಾರಕ್ಕೆ ಗಾಂಧಿ ಹೋಗಿದ್ದರು. ಹಿಂದಿರುಗುವಾಗ ರೈಲು ನಿಲ್ದಾಣದಲ್ಲಿ ಒಬ್ಬ ನಾಸ್ತಿಕ ಒಬ್ಬ ಪಾದ್ರಿಯನ್ನು ಪ್ರಶ್ನೆಗಳಿಂದ ಕೆಣಕಿದ್ದನ್ನು ಕಂಡು, ನಾಸ್ತಿಕತೆಯ ಬಗ್ಗೆ ತಮಗಿದ್ದ ಅಸಮಾಧಾನ ಇನ್ನಷ್ಟು ಹೆಚ್ಚಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಮುಂದೆ ಅವರ ದೃಷ್ಟಿ ವಿಶಾಲವಾಯಿತು. ಮೊದಲು ದೇವರೇ ಸತ್ಯ ಎನ್ನುತ್ತಿದ್ದವರು 1930ರ ಸುಮಾರಿಗೆ ಸತ್ಯವೇ ದೇವರು ಎನ್ನತೊಡಗಿದರು. 1931ರ ಡಿಸೆಂಬರಿನಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದಲ್ಲಿ ಇದಕ್ಕೆ ಕಾರಣ ವಿವರಿಸಿದರು. ದೇವರನ್ನು ಅಲ್ಲಗಳೆಯುವವರಿದ್ದಾರೆ, ಸತ್ಯವನ್ನು ಅಲ್ಲಗಳೆಯುವವರಿಲ್ಲ. ನಾಸ್ತಿಕರೂ ಸತ್ಯದ ಹಂಬಲದಿಂದಲೇ ದೇವರನ್ನು ನಿರಾಕರಿಸುತ್ತಾರೆ ಎಂಬುದು ಅವರ ವಾದದ ಸಾರ. ಒಂದೇ ವಸ್ತುವನ್ನು ಹಲವು ನೆಲೆಗಳಿಂದ ನೋಡಬಹುದೆನ್ನುವ ಜೈನರ ಅನೇಕಾಂತವಾದದ ಪ್ರಭಾವವೂ ಅವರ ಮೇಲಿತ್ತು.

ಹಾಗೆಂದು ಅವರ ನಂಬಿಕೆ ವಿಚಾರವಂತರೊಂದಿಗೆ ಎಂದೂ ತಿಕ್ಕಾಡಲಿಲ್ಲ ಎನ್ನುವಂತಿಲ್ಲ. 1934ರ ಜನವರಿ 15ರ ಬಿಹಾರ ಭೂಕಂಪವನ್ನು ಅವರು ಅಸ್ಪೃಶ್ಯತೆಯ ಪಾಪಕ್ಕೆ ಬಂದ ದೈವಶಿಕ್ಷೆ ಎಂದು ಕರೆದಾಗ ರವೀಂದ್ರನಾಥ ಠಾಕೂರರು ಬಹಿರಂಗವಾಗಿ ವಿರೋಧಿಸಿದರು. ಪ್ರಕೃತಿಯ ವಿಕೋಪಕ್ಕೆ ನೈತಿಕ ಕಾರಣ ಕೊಡುವುದು ಜನರ ವಿವೇಕವನ್ನು ಕುಂದಿಸುತ್ತದೆ ಎಂಬುದು ಅವರ ಆಕ್ಷೇಪ. ಗಾಂಧಿ ತಮ್ಮ ಮಾತು ಹಿಂತೆಗೆದುಕೊಳ್ಳಲಿಲ್ಲ. ಠಾಕೂರರ ಆಕ್ಷೇಪವನ್ನು ತಮ್ಮದೇ ‘ಹರಿಜನ’ ಪತ್ರಿಕೆಯಲ್ಲಿ ಪ್ರಕಟಿಸಿ ಉತ್ತರ ಬರೆದರು.

ಗೋರಾ

ಗೋಪರಾಜು ರಾಮಚಂದ್ರ ರಾವ್ 1902ರ ನವೆಂಬರ್ 15ರಂದು ಈಗಿನ ಒಡಿಶಾದ ಛತ್ರಪುರದಲ್ಲಿ ತೆಲುಗು ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದರು. ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಗೋರಾ ಎಂದು ಪ್ರಸಿದ್ಧರಾದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಎಂ.ಎ. ಮುಗಿಸಿ ಮಧುರೆ, ಕೊಲಂಬೊ, ಕಾಕಿನಾಡ, ಮಚಲೀಪಟ್ಟಣ ಮುಂತಾದ ಕಡೆಗಳಲ್ಲಿ ಉಪನ್ಯಾಸಕರಾಗಿದ್ದರು. ದೆವ್ವದ ಮನೆಯೆಂದು ಜನ ಹೆದರುತ್ತಿದ್ದ ಮನೆಯಲ್ಲಿ ಬೇಕೆಂದೇ ವಾಸ ಮಾಡಿದರು. ಅವರ ಪತ್ನಿ ಸರಸ್ವತಿ ಗೋರಾ ಬಸುರಿಯಾಗಿದ್ದಾಗ, ಗ್ರಹಣದ ಹೊತ್ತಿನಲ್ಲಿ ಹೊರಗೆ ಬರಬಾರದೆಂಬ ಕಟ್ಟುಪಾಡನ್ನು ಮುರಿದು ಹೊರಬಂದರು. ನಾಸ್ತಿಕ ಪ್ರಚಾರದ ಕಾರಣಕ್ಕೆ 1933ರಲ್ಲಿ ಕಾಕಿನಾಡದ ಕಾಲೇಜು ಗೋರಾ ಅವರನ್ನು ಕೆಲಸದಿಂದ ತೆಗೆಯಿತು. ಕೆಲವು ವರ್ಷಗಳ ಬಳಿಕ ಮಚಲೀಪಟ್ಟಣದ ಕೆಲಸವೂ ಹೋಯಿತು.

1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರು ಗ್ರಾಮದಲ್ಲಿ ಗೋರಾ ದಂಪತಿಗಳು ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿದರು. ವಯಸ್ಕರ ಶಿಕ್ಷಣ, ಅಸ್ಪೃಶ್ಯತಾ ನಿವಾರಣೆ, ಎಲ್ಲ ಜಾತಿಯವರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಸಹಭೋಜನ ಅಲ್ಲಿನ ಮುಖ್ಯ ಕಾರ್ಯಕ್ರಮಗಳು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಪತಿ ಪತ್ನಿ ಇಬ್ಬರೂ ಸೆರೆಮನೆಗೆ ಹೋದರು. ಹೀಗಾಗಿ ಗೋರಾ ಮುಖತಃ ಕಾಣುವ ಮೊದಲೇ ಗಾಂಧಿಯವರ ಚಳವಳಿಯ ಸಿಪಾಯಿಯಾಗಿದ್ದರು. ಮುಂದಿನ ಸಂವಾದಕ್ಕೆ ಈ ಸಂಗತಿ ಭದ್ರವಾದ ನೆಲೆ ಒದಗಿಸಿತು.

ಪತ್ರಗಳು

1930ರಲ್ಲಿ ಗೋರಾ ಪತ್ರ ಬರೆದು, ದೇವರು ಎಂಬ ಮಾತಿಗೆ ನೀವು ಕೊಡುವ ಅರ್ಥವೇನೆಂದು ಕೇಳಿದರು. ದೇವರು ಮನುಷ್ಯನ ಗ್ರಹಿಕೆಗೆ ಮೀರಿದವನು ಎಂಬ ಚುಟುಕಾದ ಉತ್ತರ ಬಂತು. 1941ರಲ್ಲಿ ಮತ್ತೆ ಬರೆದರು: ಹಳ್ಳಿಯಲ್ಲಿ ನಾಸ್ತಿಕ ದೃಷ್ಟಿಯಿಂದ ಅಸ್ಪೃಶ್ಯತೆಯ ವಿರುದ್ಧ ಮಾಡುತ್ತಿರುವ ಕೆಲಸ ಫಲ ಕೊಡುತ್ತಿದೆ, ಬಂದು ಚರ್ಚಿಸಲು ಅವಕಾಶ ಕೊಡಿ ಎಂದು. ಗಾಂಧಿಯವರ ಉತ್ತರ ಈ ಸಲ ಖಾರವಾಗಿತ್ತು. ನಾಸ್ತಿಕತೆಯೆಂದರೆ ತನ್ನನ್ನು ತಾನೇ ನಿರಾಕರಿಸಿಕೊಂಡಂತೆ. ನಿಮಗೆ ದೊರೆತ ಯಶಸ್ಸಿಗೆ ಕಾರಣ ನಿಮ್ಮ ಪ್ರಾಮಾಣಿಕ ಸೇವೆಯೇ ಹೊರತು ನಾಸ್ತಿಕತೆಯಲ್ಲ ಎಂದು ಬರೆದು, ಚರ್ಚೆಗೆ ಬಿಡುವಿಲ್ಲವೆಂದರು. ವಾದವನ್ನು ಒಪ್ಪದೆ ಇದ್ದರೂ ಸೇವೆಯನ್ನು ಮಾತ್ರ ಅವರು ಅಲ್ಲಗಳೆಯಲಿಲ್ಲ. ಇಬ್ಬರ ಸಂಬಂಧ ಮುಂದೆ ಕುದುರಿದ್ದು ಈ ಒಂದು ಮಾತಿನ ಮೇಲೆಯೇ.

ಸೇವಾಗ್ರಾಮದ ಮಾತುಕತೆ

1944ರ ನವೆಂಬರಿನಲ್ಲಿ ಗೋರಾ ಸೇವಾಗ್ರಾಮಕ್ಕೆ ಬಂದರು. ದೇವರಿಲ್ಲದವನ ಜೊತೆ ಏನು ಮಾತಾಡಲಿ ಎಂದು ಗಾಂಧಿ ನಗುತ್ತ ಕೇಳಿದರೆಂದೂ, ತಾನು ಬರೀ ದೇವರಿಲ್ಲದವನಲ್ಲ, ನಾಸ್ತಿಕ ಎಂದು ತಾವು ಉತ್ತರಿಸಿದೆವೆಂದೂ ಗೋರಾ ದಾಖಲಿಸಿದ್ದಾರೆ. ಇವೆರಡಕ್ಕೂ ವ್ಯತ್ಯಾಸವೇನೆಂದು ಗಾಂಧಿ ಕೇಳಿದಾಗ, ದೇವರಿಲ್ಲವೆನ್ನುವುದು ಕೇವಲ ನಿರಾಕರಣೆ, ಆ ನಿರಾಕರಣೆಯ ಬಳಿಕ ಮನುಷ್ಯ ಸ್ವಂತ ಹೊಣೆಯ ಮೇಲೆ ಕಟ್ಟಿಕೊಳ್ಳುವ ಬದುಕೇ ನಾಸ್ತಿಕತೆ ಎಂದು ವಿವರಿಸಿದರು. ಮುಂದೆ ‘ಧನಾತ್ಮಕ ನಾಸ್ತಿಕತೆ’ ಎಂದು ಅವರು ಪ್ರತಿಪಾದಿಸಿದ ತತ್ತ್ವದ ಬೀಜ ಈ ಉತ್ತರದಲ್ಲಿದೆ.

ಗಾಂಧಿಯವರು ಗೋರಾ ಅವರಿಂದ ತಿಳಿಯಬಯಸಿದ್ದು ತರ್ಕಕ್ಕಿಂತ ಹೆಚ್ಚಾಗಿ ಕೆಲಸದ ವಿವರ: ಸಹಭೋಜನ ಹೇಗೆ ನಡೆಯುತ್ತದೆ, ಯಾರು ಬರುತ್ತಾರೆ, ಹಳ್ಳಿಯವರು ಹೇಗೆ ಸ್ವೀಕರಿಸುತ್ತಾರೆ. ಗೋರಾ ಹಾಗೂ ಅವರ ಸಂಗಡಿಗರು ಆಮೇಲೂ ಆಶ್ರಮಕ್ಕೆ ಬಂದು ಉಳಿದರು. ಕೊನೆಗೆ ಗಾಂಧಿ ಒಂದು ನಿಲುವಿಗೆ ಬಂದರು. ತಮ್ಮ ಆಸ್ತಿಕತೆಯೇ ಸರಿ ಎಂದಾಗಲಿ ಗೋರಾ ಅವರ ನಾಸ್ತಿಕತೆ ತಪ್ಪು ಎಂದಾಗಲಿ ತೀರ್ಪು ಕೊಡಲು ತಮಗಾಗದು. ಇಬ್ಬರೂ ಸತ್ಯವನ್ನು ಅರಸುವವರು. ಯಾರ ದಾರಿ ಸರಿಯೆಂಬುದನ್ನು ಫಲವೇ ತೋರಿಸುತ್ತದೆ. ಆಗ ಒಬ್ಬರು ಇನ್ನೊಬ್ಬರ ದಾರಿಗೆ ಬರಬಹುದು, ಇಬ್ಬರೂ ಮೂರನೆಯ ದಾರಿ ಹಿಡಿಯಲೂಬಹುದು. ಅಲ್ಲಿಯವರೆಗೆ ಗೋರಾ ಕೆಲಸ ಮುಂದುವರಿಸಲಿ, ತಾವು ನೆರವಾಗುತ್ತೇವೆ ಎಂದರು. ಮೂರು ವರ್ಷಗಳ ಹಿಂದೆ ಬರೆದ ಪತ್ರಕ್ಕೆ ಹೋಲಿಸಿದರೆ ಇದು ಬಹು ದೂರ ಸಾಗಿಬಂದ ಮಾತು.

ಭಿನ್ನಾಭಿಪ್ರಾಯದ ನೆಲೆಗಳು

ಮೊದಲನೆಯದು ನೀತಿಯ ಮೂಲ. ಗಾಂಧಿಯವರಿಗೆ ಅಹಿಂಸೆ, ಉಪವಾಸ, ತ್ಯಾಗ ಎಲ್ಲಕ್ಕೂ ದೇವರ ಮೇಲಿನ ಭರವಸೆಯೇ ಆಧಾರ. ಅಂತರಂಗದ ದನಿ ದೇವರ ದನಿ. ನೀತಿ ಮನುಷ್ಯರು ಕೂಡಿ ಬಾಳಲು ಬೇಕಾದದ್ದು, ಅದಕ್ಕೆ ಮೇಲಿನ ಅಪ್ಪಣೆ ಬೇಡ ಎಂಬುದು ಗೋರಾ ಅವರ ನಿಲುವು.

ಎರಡನೆಯದು ವಿಧಿ ಮತ್ತು ಕರ್ಮದ ನಂಬಿಕೆ. 1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರು. ಕಲ್ಕತ್ತೆಯಲ್ಲಿ ತಿಂಡಿತಿನಿಸು ತುಂಬಿದ ಅಂಗಡಿಗಳ ಎದುರಿಗೇ ಹಸಿದವರು ಪ್ರಾಣ ಬಿಟ್ಟರು. ಅವರು ಕೈ ಚಾಚಿ ಎತ್ತಿಕೊಳ್ಳಲಿಲ್ಲ, ಉಳ್ಳವರು ಕೊಡಲೂ ಇಲ್ಲ. ಸಾಯುವವನು ಇದು ತನ್ನ ಹಣೆಬರಹವೆಂದೂ ನೋಡುವವನು ಅದು ಅವನ ಕರ್ಮವೆಂದೂ ನಂಬಿದ್ದೇ ಇದಕ್ಕೆ ಕಾರಣ ಎಂದು ಗೋರಾ ಗಾಂಧಿಯವರ ಮುಂದೆ ವಾದಿಸಿದರು. ಮನುಷ್ಯ ದೇವರ ಮೇಲೆ ಭಾರ ಹಾಕುವುದನ್ನು ಬಿಟ್ಟು ತನ್ನ ಕಾಲ ಮೇಲೆ ನಿಲ್ಲಲಿ ಎಂಬುದಕ್ಕಾಗಿಯೇ ತಮಗೆ ನಾಸ್ತಿಕತೆ ಬೇಕು ಎಂದರು. ಈ ವಾದದಲ್ಲಿ ಒಂದು ಆದರ್ಶವಿರುವುದನ್ನು ಗಾಂಧಿ ಒಪ್ಪಿದರು; ದೇವರನ್ನು ನಂಬುವುದೆಂದರೆ ಕೈಕಟ್ಟಿ ಕೂರುವುದು ಎಂಬ ತೀರ್ಮಾನವನ್ನು ಅವರ ಇಡೀ ಬದುಕೇ ಅಲ್ಲಗಳೆಯುತ್ತಿತ್ತು.

ಮೂರನೆಯದು ಜಾತಿ ವಿನಾಶದ ದಾರಿ. ಗಾಂಧಿ ಹಿಂದೂ ಧರ್ಮದ ಒಳಗಿದ್ದೇ ಅದನ್ನು ಶುದ್ಧಗೊಳಿಸಬಯಸಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಗುರುತುಗಳನ್ನೇ ಕಳಚಿ ಮನುಷ್ಯರು ಬರಿಯ ಮನುಷ್ಯರಾಗಿ ಸೇರದ ಹೊರತು ಮೇಲುಕೀಳು ಹೋಗದು ಎಂದು ಗೋರಾ ನಂಬಿದ್ದರು.

ಸಮಾನ ನೆಲೆ

ಇಬ್ಬರನ್ನೂ ಕೂಡಿಸಿದ ಅಂಶಗಳು ಕಡಿಮೆಯಿರಲಿಲ್ಲ. ನಂಬಿಕೆಯನ್ನು ನಡತೆಯಿಂದ ಅಳೆಯಬೇಕು ಎಂಬುದು ಮೊದಲನೆಯದು. ಸರಳ ಜೀವನ, ಖಾದಿ, ಹಳ್ಳಿಯ ವಾಸ, ಬಹಿರಂಗ ಬದುಕು, ಸತ್ಯಾಗ್ರಹ ಇಬ್ಬರಿಗೂ ಸಮಾನ. ಆಡಿದ್ದನ್ನು ಮೊದಲು ತಮ್ಮ ಮನೆಯಲ್ಲೇ ಆಚರಿಸಿ ತೋರಿಸುವುದು ಇಬ್ಬರ ಪದ್ಧತಿ. ಎದುರಾಳಿಯ ಪ್ರಾಮಾಣಿಕತೆಯನ್ನು ಶಂಕಿಸದೆ ಅವನ ವಾದವನ್ನು ಮಾತ್ರ ಪ್ರಶ್ನಿಸುವ ಸಂಯಮವೂ ಇಬ್ಬರಲ್ಲಿತ್ತು.

ಸೇವಾಗ್ರಾಮದ ಮದುವೆ

ಸಂವಾದ ಕೃತಿಗಿಳಿದದ್ದು ಒಂದು ಮದುವೆಯಲ್ಲಿ. ತಮ್ಮ ಹಿರಿಯ ಮಗಳು ಮನೋರಮಾಳನ್ನು ಅರ್ಜುನ ರಾವ್ ಎಂಬ ದಲಿತ ಯುವಕನಿಗೆ ಕೊಡಲು ಗೋರಾ ನಿರ್ಧರಿಸಿದರು. ಗಾಂಧಿಯವರು ಕೊನೆಯ ವರ್ಷಗಳಲ್ಲಿ ಸವರ್ಣೀಯರು ಮತ್ತು ದಲಿತರ ನಡುವಣ ಮದುವೆಗಳಿಗೆ ಮಾತ್ರ ತಮ್ಮ ಆಶೀರ್ವಾದ ಎಂದು ಹೇಳಿದ್ದರು. ಈ ಮದುವೆಯನ್ನು ಸೇವಾಗ್ರಾಮದಲ್ಲಿ ತಾವೇ ನಡೆಸಿಕೊಡಲು ಒಪ್ಪಿದರು. ವರ ಕೆಲವು ಕಾಲ ಆಶ್ರಮದಲ್ಲಿದ್ದು ಅಲ್ಲಿನ ಬದುಕಿಗೆ ಒಗ್ಗಿಕೊಳ್ಳಲಿ ಎಂದರು. ಪ್ರತಿಜ್ಞೆಯನ್ನು ದೇವರ ಹೆಸರಿನಲ್ಲಿ ಮಾಡಲು ಗೋರಾ ಕುಟುಂಬ ಒಪ್ಪುವಂತಿರಲಿಲ್ಲ. ಸತ್ಯದ ಹೆಸರಿನಲ್ಲಿ ಆಗಲಿ ಎಂದು ಗಾಂಧಿ ಸಮ್ಮತಿಸಿದರು. ಆಸ್ತಿಕನಿಗೆ ಸತ್ಯವೇ ದೇವರಾಗಿತ್ತು. ನಾಸ್ತಿಕನಿಗೆ ದೇವರಿಲ್ಲದೆಯೂ ಸತ್ಯವಿತ್ತು. ಯಾರೂ ತಮ್ಮ ಮನಸ್ಸಾಕ್ಷಿಗೆ ಎರಡು ಬಗೆಯಬೇಕಾಗಲಿಲ್ಲ.

1948ರ ಜನವರಿ 30ರಂದು ಗಾಂಧಿಯವರ ಹತ್ಯೆಯಾಯಿತು. ಆಶ್ರಮದವರು ಅವರ ಮಾತನ್ನು ಉಳಿಸಿಕೊಂಡು ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಸೇವಾಗ್ರಾಮದಲ್ಲಿ ಮದುವೆ ನೆರವೇರಿಸಿದರು.

ನಂತರದ ಬೆಳವಣಿಗೆ

ಈ ಮಾತುಕತೆಗಳ ವಿವರವನ್ನು ಗೋರಾ ಇಂಗ್ಲಿಷಿನಲ್ಲಿ ‘ಆ್ಯನ್ ಎಥೀಸ್ಟ್ ವಿತ್ ಗಾಂಧಿ’ ಎಂಬ ಪುಟ್ಟ ಪುಸ್ತಕವಾಗಿ ಬರೆದರು. 1951ರಲ್ಲಿ ಅದನ್ನು ಪ್ರಕಟಿಸಿದ್ದು ಗಾಂಧಿಯವರೇ ಕಟ್ಟಿದ ಅಹಮದಾಬಾದಿನ ನವಜೀವನ ಸಂಸ್ಥೆ. ಮುನ್ನುಡಿ ಬರೆದವರು ಆಸ್ತಿಕ ಚಿಂತಕ ಕಿಶೋರಲಾಲ ಮಶ್ರೂವಾಲಾ. ಸಂಭಾಷಣೆಗಳ ಬಗ್ಗೆ ಮುಖ್ಯ ಆಕರ ಇದೇ ಆಗಿರುವುದರಿಂದ ಅವು ಹೆಚ್ಚಾಗಿ ಗೋರಾ ಅವರ ದೃಷ್ಟಿಯಿಂದಲೇ ತಿಳಿದುಬರುತ್ತವೆ ಎಂಬುದನ್ನು ಓದುಗರು ಗಮನದಲ್ಲಿಡಬೇಕು.

ಸ್ವಾತಂತ್ರ್ಯದ ಹೊತ್ತಿಗೆ ನಾಸ್ತಿಕ ಕೇಂದ್ರ ವಿಜಯವಾಡಕ್ಕೆ ಬಂದಿತ್ತು. 1972ರಲ್ಲಿ ಅಲ್ಲಿ ಮೊದಲ ವಿಶ್ವ ನಾಸ್ತಿಕ ಸಮ್ಮೇಳನ ನಡೆಯಿತು. ಗೋರಾ 1975ರ ಜುಲೈ 26ರಂದು ನಿಧನರಾದರು. ಅವರ ಮಗ ಲವಣಂ, ದೇವರನ್ನು ನಂಬಿದ ವಿನೋಬಾ ಭಾವೆಯವರ ಭಾಷಣಗಳನ್ನು ಆಂಧ್ರದ ಭೂದಾನ ಯಾತ್ರೆಯಲ್ಲಿ ತೆಲುಗಿಗೆ ಅನುವಾದಿಸುತ್ತಿದ್ದರು. ಲವಣಂ ಹಾಗೂ ಅವರ ಪತ್ನಿ ಹೇಮಲತಾ, ಹೆಣ್ಣುಮಕ್ಕಳನ್ನು ದೇವರಿಗೆ ಒಪ್ಪಿಸುವ ಜೋಗಿಣಿ ಪದ್ಧತಿಯ ನಿರ್ಮೂಲನೆಗೂ, ಬ್ರಿಟಿಷರು ಅಪರಾಧಿ ಬುಡಕಟ್ಟುಗಳೆಂದು ಹಣೆಪಟ್ಟಿ ಹಚ್ಚಿದ್ದ ಸಮುದಾಯಗಳ ಪುನರ್ವಸತಿಗೂ ದುಡಿದರು. 2006ರಲ್ಲಿ ನಿಧನರಾದ ಸರಸ್ವತಿ ಗೋರಾ ಅವರಿಗೆ ಗಾಂಧಿವಾದಿ ಸೇವೆಗಾಗಿ ಕೊಡುವ ಜಮ್ನಾಲಾಲ್ ಬಜಾಜ್ ಪ್ರಶಸ್ತಿ ಮತ್ತು ಕರ್ನಾಟಕ ಸರ್ಕಾರದ ಬಸವ ಪುರಸ್ಕಾರ ಸಂದಿವೆ. ನಾಸ್ತಿಕರೊಬ್ಬರನ್ನು ಶಿವಶರಣ ಬಸವಣ್ಣನವರ ಹೆಸರಿನಲ್ಲಿ ಗೌರವಿಸಿದ್ದು ಔಚಿತ್ಯಪೂರ್ಣ.

ಇತರ ನಿದರ್ಶನಗಳು

ಗಾಂಧಿಯವರು ಎಲ್ಲ ನಾಸ್ತಿಕರೊಂದಿಗೂ ಹೀಗೆ ಹೊಂದಿಕೊಂಡರೆಂದಲ್ಲ. 1927ರಲ್ಲಿ ಬೆಂಗಳೂರಿನಲ್ಲಿ ಪೆರಿಯಾರ್ ಇ.ವಿ. ರಾಮಸ್ವಾಮಿ ಅವರನ್ನು ಕಂಡು ಮಾತಾಡಿದರು. ಹಿಂದೂ ಧರ್ಮದೊಳಗೆ ಸುಧಾರಣೆ ಸಾಧ್ಯವೇ ಎಂಬ ಪ್ರಶ್ನೆಯ ಮೇಲೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಅದಾಗಲೇ ಪೆರಿಯಾರ್ ಕಾಂಗ್ರೆಸ್ಸನ್ನು ತೊರೆದಿದ್ದರು. ಗೋರಾ ಅವರೊಂದಿಗೆ ಇದ್ದಂತಹ ಕೂಡು ಕೆಲಸ ಇವರ ನಡುವೆ ಉಳಿದಿರಲಿಲ್ಲ.

ಕರ್ನಾಟಕದಲ್ಲಿ ಗಾಂಧಿಮಾರ್ಗ ಮತ್ತು ವಿಚಾರವಾದ ಒಬ್ಬರಲ್ಲೇ ಕೂಡಿದ್ದಕ್ಕೆ ಎಚ್. ನರಸಿಂಹಯ್ಯ (1920–2005) ನಿದರ್ಶನ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಅವರು ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡರು. ಕೊನೆಯವರೆಗೂ ಖಾದಿ ಉಟ್ಟು ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಬಾಳಿದರು. ಭೌತವಿಜ್ಞಾನಿಯಾಗಿದ್ದ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಸಾಹಿತ್ಯದಲ್ಲಿ ಎ.ಎನ್. ಮೂರ್ತಿರಾಯರ ‘ದೇವರು’ (1991) ಕೃತಿ ನಂಬಿಕೆಯ ಪ್ರಶ್ನೆಗಳನ್ನು ನಂಬುವವರ ಮನಸ್ಸು ನೋಯಿಸದ ಹದದಲ್ಲಿ ಚರ್ಚಿಸಿ ಪಂಪ ಪ್ರಶಸ್ತಿ ಪಡೆಯಿತು.

ಮಹತ್ವ

ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನು ಈ ಸಂವಾದ ಬಗೆಹರಿಸಲಿಲ್ಲ. ಆ ಪ್ರಶ್ನೆ ಬಗೆಹರಿಯುವವರೆಗೆ ಕೂಡಿ ದುಡಿಯಲು ಕಾಯಬೇಕಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು. ಇಲ್ಲಿ ಕಂಡುಬರುವುದು ಬರಿಯ ಸಹನೆಯಲ್ಲ. ಸಹಿಸುವವನು ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟು ಸುಮ್ಮನಾಗಬಹುದು. ಇವರಿಬ್ಬರೂ ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ನೇರವಾಗಿ ಪ್ರಶ್ನಿಸಿದರು, ಮತ್ತೆ ಒಂದೇ ಕೆಲಸಕ್ಕೆ ಹೆಗಲು ಕೊಟ್ಟರು. ಅದಕ್ಕೆ ಎರಡು ಷರತ್ತುಗಳಿದ್ದವು: ಇಬ್ಬರೂ ಒಪ್ಪುವ ಒಂದು ಅನ್ಯಾಯ ಕಣ್ಣೆದುರಿಗಿರಬೇಕು, ತನ್ನ ದಾರಿ ತಪ್ಪೆಂದು ಕಂಡರೆ ಬದಲಿಸಿಕೊಳ್ಳುತ್ತೇನೆ ಎಂಬ ಸಿದ್ಧತೆ ಇಬ್ಬರಲ್ಲೂ ಇರಬೇಕು. ನಂಬುವವರೂ ನಂಬದವರೂ ಇವೆರಡನ್ನು ಒಪ್ಪಿಕೊಂಡ ಕಡೆಯಲ್ಲೆಲ್ಲ ಇಂಥ ಸಂವಾದ ಮತ್ತೆ ಸಾಧ್ಯ.